ಇಂಪಾಲಾದ ಹಾರ್ನ್

ಇಳಕಲ್ಲಿನ ಗ್ರಾನೈಟ್ ಸಾಹುಕಾರರ ಶೆಡ್ಡಿನಲ್ಲಿ ಎರಡು ಹಳೆಯ ಅಮೆರಿಕನ್ ಕಾರುಗಳಿದ್ದವು. ಒಂದು ಬೆಲ್ ಏರ್, ಇನ್ನೊಂದು ಇಂಪಾಲಾ. ಸಾಹುಕಾರರ ಡ್ರೈವರ್ ಆಗಿದ್ದ ನಮ್ಮಪ್ಪ ಎರಡನ್ನೂ ಓಡಿಸಿದ್ದ, ಆದರೆ ಜೀವವೆಲ್ಲ ಇಂಪಾಲಾದ ಮೇಲೆ. ಅವನು ತೀರಿಕೊಂಡು ಹನ್ನೊಂದು ವರ್ಷದ ಮೇಲೆ, ಸಾಹುಕಾರರ ಮೊಮ್ಮಗ ಶೆಡ್ ಕೆಡವಲು ಹೊರಟ. ಹಳೆ ಕಾರು ಕೂಡಿಡುವ ಹುಚ್ಚಿನವರೊಬ್ಬರು ಪುಣೆಯಿಂದ ಬಂದರು. ಅವರಿಗೆ ಬೇಕಾದದ್ದು ಒಂದೇ ಕಾರು, ಉಳಿದದ್ದು ಗುಜರಿಗೆ. ಯಾವುದೆಂದು ಓಡಿಸಿ ನೋಡಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

"ನೀ ಮೆಕ್ಯಾನಿಕ್ ಅದಿ, ನೀ ಹೇಳಿದ್ದ ಕಡೀಮಾತು. ಖರೆ ಹೇಳಬೇಕ್ ನೋಡು," ಅಂದ ಮೊಮ್ಮಗ.

ಎರಡನ್ನೂ ಓಡುವ ಸ್ಥಿತಿಗೆ ತಂದು, ಒಂದು ಬೆಳಿಗ್ಗೆ ಬೆಲ್ ಏರ್‌ನಲ್ಲಿ ಹುನಗುಂದಕ್ಕೆ ಹೋಗಿ ಬಂದೆ. ಹುಟ್ಟಿದಾಗಿನ ಪೆಟ್ರೋಲ್ ಎಂಜಿನ್ನೇ ಇತ್ತು, ಅದರ ನಂಬರು ಗಾಡಿಯ ಕಾಗದಪತ್ರಕ್ಕೆ ಹೊಂದಿತು, ದಾರಿಯ ದಿಬ್ಬವನ್ನು ಏದುಸಿರು ಬಿಡದೆ ಹತ್ತಿತು. ಆಮೇಲೆ ಇಂಪಾಲಾ. ನೋಡಲು ಅದರ ಗತ್ತೇ ಬೇರೆ, ಆದರೆ ಬಾನೆಟ್ ಎತ್ತಿದರೆ ಒಳಗಿದ್ದದ್ದು ಯಾವುದೋ ವ್ಯಾನಿನ ಡೀಸೆಲ್ ಎಂಜಿನ್. ಗಾಡಿ ಪೆಟ್ರೋಲ್ ಕುಡಿಯುತ್ತದೆಂದು ಸಾಹುಕಾರರು ಗೊಣಗಿದ್ದಕ್ಕೆ ಅಪ್ಪನೇ ತಂದು ಕೂರಿಸಿದ್ದ. ಆಗ ಊರೆಲ್ಲ ಭೇಷ್ ಅಂದಿತ್ತು. ಕಾರು ಕೂಡಿಡುವವರಿಗೆ ಮಾತ್ರ ಅದು ಕ್ಷಮಿಸಲಾಗದ ತಪ್ಪು. ಸತ್ತವನ ಮೇಲೆ ನನಗೆ ಸಿಟ್ಟು ಬಂತು. ಒಳಗೆ ಕೂತರೆ ಕನ್ನಡಿ ಇನ್ನೂ ಅವನ ಎತ್ತರಕ್ಕೇ ತಿರುಗಿತ್ತು, ಅದರಲ್ಲಿ ನನಗೆ ಕಂಡದ್ದು ಖಾಲಿ ಹಿಂದಿನ ಸೀಟು. ಅದನ್ನು ಸರಿಪಡಿಸಲು ಮನಸ್ಸು ಬರಲಿಲ್ಲ.

ಊಟದ ಹೊತ್ತಿಗೆ ಇಂಪಾಲಾ ಓಡಿಸಿಕೊಂಡು ನಮ್ಮ ಓಣಿಯ ಮೂಲೆಗೆ ಬಂದಾಗ ನನ್ನ ಕೈ ತಾನಾಗಿ ಎರಡು ಸಲ ಹಾರ್ನ್ ಒತ್ತಿತು. ಅದು ಅಪ್ಪನ ರೂಢಿ. ಆ ಸದ್ದಿಗೆ ಅವ್ವ ಒಲೆಯ ಮೇಲೆ ರೊಟ್ಟಿಯ ಹಂಚು ಇಡುತ್ತಿದ್ದಳು. ಅವನು ಕೈಕಾಲು ತೊಳೆದು ಕೂರುವಷ್ಟರಲ್ಲಿ ಬಿಸಿ ರೊಟ್ಟಿ ತಟ್ಟೆಗೆ ಬೀಳುತ್ತಿತ್ತು.

ಒಳಗೆ ಹೋದರೆ ಎರಡು ತಟ್ಟೆ ಹಾಕಿತ್ತು. ಈಚೆಗೆ ನೆನಪು ಕೈಕೊಡುತ್ತಿರುವ ಅವ್ವ, ಸೆರಗು ಸರಿಮಾಡಿಕೊಂಡು ನನ್ನ ಬೆನ್ನ ಹಿಂದೆ ನೋಡಿದಳು.

"ಗಾಡಿ ಬಂತಲ್ಲ, ನಿಮ್ಮಪ್ಪ ಎಲ್ಲಿ?"

ಅವನು ಸತ್ತ ಸುದ್ದಿಯನ್ನು ಅವಳಿಗೆ ಇನ್ನೊಮ್ಮೆ ಹೇಳುವ ಧೈರ್ಯ ನನಗಿರಲಿಲ್ಲ.

"ಗಾಡಿ ತೊಳ್ಯಾಕತ್ತಾನಬೇ, ಬರ್ತಾನ," ಅಂದೆ.

"ರೊಟ್ಟಿ ಆರಿದ್ರ ಒಲ್ಲೆ ಅಂತಾರ," ಎಂದು ಅವಳು ಅದರ ಮೇಲೆ ಅರಿವೆ ಮುಚ್ಚಿದಳು. ಸಂಜೆಯವರೆಗೂ ಅದನ್ನು ಯಾರೂ ತೆಗೆಯಲಿಲ್ಲ.

ಸಾಹುಕಾರರ ಮೊಮ್ಮಗನಿಗೆ ಮಾತ್ರ ನಾನು ಖರೆಯನ್ನೇ ಹೇಳಿದೆ. ಬೆಲ್ ಏರ್ ಪುಣೆಗೆ ಹೋಯಿತು. ಇಂಪಾಲಾವನ್ನು ಗುಜರಿಯವರು ಒಡೆಯುವ ದಿನ ನಾನು ಕೇಳಿ ತಂದದ್ದು ಹಾರ್ನ್ ಒಂದೇ.

ಮನೆಯ ಮುಂದಿನ ಗ್ಯಾರೇಜಿನ ಹಲಗೆಯ ಮೇಲೆ ಅದು ಬ್ಯಾಟರಿಯ ಪಕ್ಕದಲ್ಲಿದೆ. ಎರಡು ತಂತಿ ತಾಕಿಸಿದರೆ ಸಾಕು, ಕೂಗುತ್ತದೆ. ಅವ್ವ ದಿನಾ ಮಧ್ಯಾಹ್ನ ಬಾಗಿಲಿಗೆ ಬಂದು ನಿಲ್ಲುತ್ತಾಳೆ.

"ಇವತ್ತ ಹಾರ್ನ್ ಕೇಳಿಸ್ಲಿಲ್ಲಲ್ಲೋ."

"ಇಲ್ಲಬೇ," ಅನ್ನುತ್ತೇನೆ. ನನ್ನ ಕೈ ತಂತಿಯವರೆಗೆ ಹೋಗಿ ಹಿಂದಕ್ಕೆ ಬರುತ್ತದೆ. ಕೂಗಿಸಿದರೆ ಅವಳು ಒಲೆಯ ಮೇಲೆ ಹಂಚು ಇಡುತ್ತಾಳೆ. ಆಮೇಲೆ ಅಪ್ಪನನ್ನು ನಾನು ಎಲ್ಲಿಂದ ತರಲಿ?