ತಮ್ಮನ ಹೆಸರಿನ ವಿಳಾಸ

ನಾವು ಅಂಗಡಿ ತೆರೆದದ್ದು ವಿಶ್ವಕರ್ಮ ಪೂಜೆಯ ದಿನ. ಅಂಗಡಿ ಎಂದರೆ ಕೋಲ್ಕತ್ತದ ಲೇಕ್ ಗಾರ್ಡನ್ಸ್ ಸ್ಟೇಷನ್ನಿನ ಪಕ್ಕದ ಗಲ್ಲಿಯಲ್ಲಿ ಹಳೆಯ ಮನೆಯೊಂದರ ಮುಂದಿನ ಕೋಣೆ. ಎರಡು ಕಂಪ್ಯೂಟರ್, ಒಂದು ಸ್ಕ್ಯಾನರ್, ನಾಲ್ಕು ಕುರ್ಚಿ. ಮಾರಾಟಕ್ಕಿಟ್ಟ ಸಾಮಾನು ಮಾತ್ರ ಕಣ್ಣಿಗೆ ಕಾಣುವಂಥದ್ದಲ್ಲ. ಇಂಟರ್ನೆಟ್ಟಿನಲ್ಲಿ ನಿಮ್ಮ ಅಂಗಡಿಗೋ ಶಾಲೆಗೋ ಒಂದು ಹೆಸರು ಬೇಕೆಂದರೆ, ದೊಡ್ಡ ಕಂಪನಿಯೊಂದರ ಮೂಲಕ ನಾವು ಅದನ್ನು ನಿಮಗೆ ನೋಂದಾಯಿಸಿ ಕೊಡುತ್ತಿದ್ದೆವು. ವರ್ಷಕ್ಕಿಷ್ಟು ಎಂದು ಶುಲ್ಕ. ವರ್ಷ ಮುಗಿದಾಗ ಮತ್ತೆ ಕಟ್ಟಬೇಕು, ಕಟ್ಟದಿದ್ದರೆ ಹೆಸರು ಕೈತಪ್ಪಿ ಹೋಗುತ್ತದೆ.

ಇದನ್ನು ಜನರಿಗೆ ವಿವರಿಸುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಯಿತು. ಅಂಗಡಿಗೆ ಮುಂಚೆ ಎರಡು ವರ್ಷ ನಾನೂ ನನ್ನ ಕಾಲೇಜಿನ ಬಂಗಾಳಿ ಗೆಳತಿಯೂ ಪರಿಚಯದವರಿಗೆಲ್ಲ ಪುಕ್ಕಟೆ ವೆಬ್ ಪುಟ ಮಾಡಿಕೊಟ್ಟು ಕೈ ಸುಟ್ಟುಕೊಂಡಿದ್ದೆವು. ನಮ್ಮ ಓರಗೆಯವರೆಲ್ಲ ಸಾಲ್ಟ್ ಲೇಕಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಓಡಾಡುತ್ತಿದ್ದ ಕಾಲ ಅದು. ನಾನು ಆ ಚೀಟಿಯನ್ನು ವಾಪಸ್ ಕೊಟ್ಟು ಬಂದವಳು. ಅಪ್ಪ ರೈಲ್ವೆಯವರು, ಧಾರವಾಡ ಬಿಟ್ಟು ಮೂವತ್ತು ವರ್ಷವಾದರೂ ಧಾರವಾಡದವರಾಗಿಯೇ ಉಳಿದಿದ್ದವರು. "ಅವ್ವ-ಅಪ್ಪ ಇಟ್ಟ ಹೆಸರಿಗೂ ವರ್ಷಾ ವರ್ಷಾ ರೊಕ್ಕಾ ಕಟ್ಟಬೇಕಂತೀ. ಇದೆಂಥಾ ವ್ಯಾಪಾರ ಮಾಡ್ತೀಯವ್ವಾ?" ಎಂದು ಕೇಳಿದ್ದರು. ನಾನು ಎರಡು ದಿನ ಅವರೊಡನೆ ಮಾತು ಬಿಟ್ಟಿದ್ದೆ. ನನ್ನ ಸಿಟ್ಟು ಹಾಗೆಯೇ, ಮೂಗಿನ ತುದಿಯಲ್ಲೇ ಇರುತ್ತದೆ.

ಶುಭದಿನವೆಂದು ವಿಶ್ವಕರ್ಮ ಪೂಜೆಯನ್ನು ಆರಿಸಿದವಳು ಗೆಳತಿ. ಪೂಜೆ ಮುಗಿದ ಮೇಲೆ ಕಂಪ್ಯೂಟರ್ ಹಚ್ಚಲು ಹೋದರೆ ಅವಳೇ ನನ್ನ ಕೈ ಹಿಡಿದಳು. ಆ ದಿನ ಕೋಲ್ಕತ್ತದಲ್ಲಿ ಯಂತ್ರಗಳಿಗೆ ಕುಂಕುಮವಿಡುತ್ತಾರೆಯೇ ಹೊರತು ಅವುಗಳಿಂದ ಕೆಲಸ ತೆಗೆಯುವುದಿಲ್ಲವಂತೆ. ಉದ್ಘಾಟನೆಯ ದಿನವೇ ವ್ಯಾಪಾರ ಮಾಡುವಂತಿಲ್ಲ! ಮೇಲೆ ಮಾಳಿಗೆಗಳಲ್ಲಿ ಮಕ್ಕಳು ಗಾಳಿಪಟ ಹಾರಿಸಿ ಕೂಗಾಡುತ್ತಿದ್ದರು, ಕೆಳಗೆ ನಾನು ಗೆಳತಿಯ ಮೇಲೆ ಕೂಗಾಡುತ್ತಿದ್ದೆ. ಆಗ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತರು.

ವಯಸ್ಸು ಐವತ್ತರ ಆಚೀಚೆ. ಹತ್ತಿಯ ಸೀರೆ, ಮಡಿಸಿದ ಕೊಡೆ, ಹೆಗಲಲ್ಲಿ ಆಫೀಸಿನ ಚೀಲ. ಕನ್ನಡ ಸಂಘದ ಬೋರ್ಡಿನಲ್ಲಿ ನಾನು ಅಂಟಿಸಿದ್ದ ಚೀಟಿ ನೋಡಿ ಬಂದವರು.

"ಹೆಸರು ರಿಜಿಸ್ಟರ್ ಮಾಡೋದು ಇಲ್ಲೇ ತಾನೆ?"

"ಹೌದ್ರಿ ಅಕ್ಕಾರ. ಆದ್ರ ಇವತ್ತ ಮಷೀನ್ ಹಚ್ಚಂಗಿಲ್ಲಂತ್ರಿ. ನಾಳೆ ಬರ್ತೀರೇನು?"

"ರಜ ಹಾಕಿ ಬಂದಿದೀನಮ್ಮ, ದಕ್ಷಿಣೇಶ್ವರದಿಂದ. ಎರಡು ಟ್ರೇನು ಹತ್ತಿ."

ಕೊನೆಗೆ ಅರ್ಜಿಯನ್ನು ಕಾಗದದ ಮೇಲೆ ಬರೆಸಿಕೊಳ್ಳುವುದು, ಮರುದಿನ ನಾನೇ ಕಂಪ್ಯೂಟರಿಗೆ ಹಾಕುವುದು ಎಂದಾಯಿತು. ಅವರು ಮೈಸೂರಿನ ಕಡೆಯವರು. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕೆಲಸ. ಮದುವೆಯಾಗಿರಲಿಲ್ಲ. ನೋಂದಾಯಿಸಬೇಕಾಗಿದ್ದದ್ದು ತಮ್ಮನ ಹೆಸರು. ಅಪ್ಪ ಅಮ್ಮ ಹೋದ ಮೇಲೆ ಅವನನ್ನು ಬೆಳೆಸಿದವರು ಅವರೇ, ಜಾದವ್‌ಪುರ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೇರಿಸಿದವರೂ ಅವರೇ. ಅವನ ಪ್ರಬಂಧ ಐದು ವರ್ಷವಾದರೂ ಮುಗಿಯಲಿಲ್ಲ. ಒಂದು ಭಾನುವಾರ ಊಟಕ್ಕೆ ಕೂತಿದ್ದಾಗ ಇವರು "ನಿನ್ನ ಕೈಲಿ ಆಗಲ್ಲ ಅಂತ ಒಪ್ಕೊಂಡ್ಬಿಡು" ಎಂದುಬಿಟ್ಟಿದ್ದರಂತೆ. ಅವನು ಕೈ ತೊಳೆದು ಎದ್ದು ಹೋದ. ಹಾಸ್ಟೆಲ್ಲಿಗೂ ಹೋಗಲಿಲ್ಲ. ಪೊಲೀಸು, ಆಸ್ಪತ್ರೆ, ಪತ್ರಿಕೆಯಲ್ಲಿ ಫೋಟೋ, ಎಲ್ಲ ಮುಗಿದು ಆಗಲೇ ಒಂದೂವರೆ ವರ್ಷವಾಗಿತ್ತು.

"ಅವನು ಎಲ್ಲಾದ್ರೂ ಕೂತು ತನ್ನ ಹೆಸರು ಹುಡುಕಿದ್ರೆ ಮನೆ ಸಿಗಬೇಕು," ಎಂದರು. "ಕಾಣೆಯಾಗಿದ್ದಾನೆ ಅಂತ ಹಾಕ್ಬೇಡ. ನಾಚಿಕೆ ಪಡ್ತಾನೆ."

ಅರ್ಜಿಯಲ್ಲಿ ಈಮೇಲ್ ವಿಳಾಸದ ಜಾಗಕ್ಕೆ ಬಂದಾಗ ನನಗೂ ಅವರಿಗೂ ಜಟಾಪಟಿಯಾಯಿತು. ನಮ್ಮ ಗಿರಾಕಿಗಳಲ್ಲಿ ಹೆಚ್ಚಿನವರಿಗೆ ಈಮೇಲ್ ಇರುವುದಿಲ್ಲವೆಂದು ನಮಗೆ ಮೊದಲೇ ಗೊತ್ತಿತ್ತು; ಎಲ್ಲರಿಗೂ ನಮ್ಮ ಅಂಗಡಿಯ ವಿಳಾಸವನ್ನೇ ಹಾಕುವುದೆಂದು ತೀರ್ಮಾನಿಸಿದ್ದೆವು. ಅವರು ಒಪ್ಪಲಿಲ್ಲ. ತಮ್ಮನ ಹಳೆಯ ಈಮೇಲ್ ವಿಳಾಸವನ್ನು ಒಂದು ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡು ಬಂದಿದ್ದರು. ಅವಧಿ ಮುಗಿಯುವ ತಿಂಗಳ ಮುಂಚೆ ಒಂದು, ವಾರದ ಮುಂಚೆ ಒಂದು, ಹಿಂದಿನ ದಿನ ಒಂದು, ಹೀಗೆ ಮೂರು ನೆನಪಿನ ಪತ್ರಗಳು ಆ ವಿಳಾಸಕ್ಕೆ ಹೋಗುತ್ತವೆ, ಯಾರೂ ಓದದಿದ್ದರೆ ಹೆಸರು ಹೋದಂತೆಯೇ ಎಂದು ಬಿಡಿಸಿ ಬಿಡಿಸಿ ಹೇಳಿದೆ.

"ಮೂರಾ?" ಎಂದರು. ಟಿಕೆಟ್ಟನ್ನು ನನ್ನ ಕಡೆ ಸರಿಸಿ, "ಅವನ ಹೆಸರಿಗೆ ಬಂದ ಕಾಗದ ನಾನು ಯಾವತ್ತಾದ್ರೂ ಒಡೆದಿದೀನಾ? ಅವನಿಗೇ ಹೋಗ್ಲಿ. ದುಡ್ಡು ನಾನೇ ಬಂದು ಕಟ್ತೀನಿ," ಎಂದರು.

ಮೊದಲ ಗಿರಾಕಿ, ಮೊದಲ ದಿನ. ಒಪ್ಪಿಕೊಂಡೆ. ಗೋಡೆಯ ಕ್ಯಾಲೆಂಡರಿನಲ್ಲಿ ಅವರಿಗೆ ಫೋನ್ ಮಾಡಬೇಕಾದ ದಿನಕ್ಕೆ ಕೆಂಪು ಗುರುತು ಹಾಕಿದೆ.

ಪುಟದಲ್ಲಿ ಇದ್ದದ್ದು ಇಷ್ಟೇ: ಅವನ ಒಂದು ಫೋಟೋ, ಮನೆಯ ಫೋನ್ ನಂಬರು, ಅಕ್ಕನ ಕೈಬರಹದ ಒಂದು ಸಾಲು. ಆಗ ಪುಟದ ಮೇಲೆ ಕನ್ನಡ ಅಕ್ಷರ ಮೂಡಿಸುವುದು ದೊಡ್ಡ ರಗಳೆ. ಅದಕ್ಕೆ ಅವರು ಕಾಗದದ ಮೇಲೆ ಬರೆದದ್ದನ್ನೇ ಸ್ಕ್ಯಾನ್ ಮಾಡಿ ಚಿತ್ರದ ಹಾಗೆ ಅಂಟಿಸಿದ್ದೆ. ಮೊದಲ ವರ್ಷದ ಸಾಲು: "ಮನೆ ಬದಲಾಯಿಸಿಲ್ಲ."

ಆಮೇಲೆ ಪ್ರತಿ ವಿಶ್ವಕರ್ಮ ಪೂಜೆಗೆ, ಎಂದರೆ ಅವಧಿ ಮುಗಿಯುವ ಹಿಂದಿನ ದಿನ, ಅವರು ಬರುತ್ತಿದ್ದರು. ಸ್ಟೀಲಿನ ಡಬ್ಬಿಯಲ್ಲಿ ಗೊಜ್ಜವಲಕ್ಕಿ, ಚೀಲದಲ್ಲಿ ಹೊಸ ಸಾಲು. ಎರಡನೆಯ ವರ್ಷ, "ನಿನ್ನ ಪುಸ್ತಕಗಳಿಗೆ ಹುಳ ಹಿಡಿದಿಲ್ಲ." ಮೂರನೆಯ ವರ್ಷ, "ಆ ಮಾತು ನಾನು ಆಡಬಾರದಿತ್ತು." ಅದನ್ನು ಸ್ಕ್ಯಾನರಿನ ಗಾಜಿನ ಮೇಲೆ ಇಟ್ಟಾಗ ಅವರು ಕಿಟಕಿಯ ಕಡೆ ತಿರುಗಿ ನಿಂತಿದ್ದರು. ಹಣ ಕಟ್ಟುವುದು ಮಾತ್ರ ಯಾವಾಗಲೂ ಕೊನೆಯ ದಿನ, ಅದೂ ಅಂಗಡಿ ಮುಚ್ಚುವ ಹೊತ್ತಿಗೆ. ಅಷ್ಟರಲ್ಲಿ ನಾವು ಯಂತ್ರದ ರಜೆಯನ್ನು ಮಧ್ಯಾಹ್ನಕ್ಕೇ ಮುಗಿಸಲು ಕಲಿತಿದ್ದೆವು. "ಫೋನ್ ಮಾಡಿದ ದಿನಾನೇ ಕಟ್ರಿ ಅಕ್ಕಾರ, ಜೀವಾ ಯಾಕ ಬಾಯಿಗೆ ತರಸ್ತೀರಿ?" ಎಂದು ನಾನು ರೇಗುತ್ತಿದ್ದೆ. ಅವರು ನಕ್ಕು ಡಬ್ಬಿ ಮುಂದೆ ಸರಿಸುತ್ತಿದ್ದರು.

ನಾಲ್ಕನೆಯ ವರ್ಷಕ್ಕೆ ನಮ್ಮ ಕಾಲು ನೆಲದ ಮೇಲಿರಲಿಲ್ಲ. ಊರಿನಲ್ಲಿ ಸೀರೆ ಅಂಗಡಿಯವರಿಗೂ ಟ್ಯೂಷನ್ ಮೇಷ್ಟ್ರಿಗೂ ಇಂಟರ್ನೆಟ್ಟಿನಲ್ಲಿ ಹೆಸರು ಬೇಕಾಗಿತ್ತು. ಅಂಗಡಿಗೆ ಸುಣ್ಣ ಬಳಿಸಿದೆವು. ಕ್ಯಾಲೆಂಡರ್ ಕಿತ್ತು ಎಸೆದೆವು. ಇನ್ನು ಎಲ್ಲ ನೆನಪಿನ ಪತ್ರಗಳೂ ತಂತಾನೇ ಹೋಗುತ್ತವೆಂದು ಬೀಗಿದೆವು. ಆ ಸಲದ ವಿಶ್ವಕರ್ಮ ಪೂಜೆಯ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೊಜ್ಜವಲಕ್ಕಿಯ ಡಬ್ಬಿ ಬರಲಿಲ್ಲ ಎಂಬುದು ನನಗೆ ಹೊಳೆಯಲೂ ಇಲ್ಲ.

ದುರ್ಗಾ ಪೂಜೆಯ ರಜೆ ಮುಗಿಸಿ ಬಾಗಿಲು ತೆಗೆದ ಬೆಳಿಗ್ಗೆ, ಅಂಗಡಿಯ ಈಮೇಲ್ ಪೆಟ್ಟಿಗೆಯಲ್ಲಿ ನೂರಾರು ಪತ್ರಗಳ ನಡುವೆ ಒಂದು ಸಣ್ಣ ಪತ್ರವಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. "ಪುಟ ತೆರೀತಿಲ್ಲ. ಅಕ್ಕ ಇದ್ದಾಳಾ?"

ಕಳಿಸಿದವರ ವಿಳಾಸವನ್ನು ಎರಡು ಸಲ ಓದಿದೆ. ಬಸ್ ಟಿಕೆಟ್ಟಿನ ಹಿಂದೆ ಇದ್ದ ವಿಳಾಸ ಅದು. ನಮ್ಮ ನೆನಪಿನ ಪತ್ರಕ್ಕೇ ಉತ್ತರ ಬರೆದಿದ್ದ.

ಹೆಸರಿನ ಅವಧಿ ಮುಗಿದು ನಾಲ್ಕು ವಾರವಾಗಿತ್ತು. ಅಂಥ ಹೆಸರನ್ನು ಕಂಪನಿಯವರು ಸ್ವಲ್ಪ ಕಾಲ ತಡೆದಿಡುತ್ತಾರೆ, ಆಮೇಲೆ ಯಾರು ಬೇಕಾದರೂ ಕೊಳ್ಳಬಹುದು. ಕೂಡಲೇ ಒಂದು ವರ್ಷದ ಶುಲ್ಕ ತುಂಬಿ ಪುಟವನ್ನು ಎಬ್ಬಿಸಿದೆ. ಅವರ ಮನೆಗೆ ಫೋನ್ ಮಾಡಿದೆ. ಪಕ್ಕದ ಮನೆಯಾಕೆ ಎತ್ತಿ, ದೀದಿ ಸಿಯಾಲ್ದಾ ಸ್ಟೇಷನ್ನಿನ ಮೆಟ್ಟಿಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡರು, ಆಸ್ಪತ್ರೆಯಿಂದ ನಿನ್ನೆಯಷ್ಟೇ ಬಂದಿದ್ದಾರೆ, ಮಲಗಿದ್ದಾರೆ ಎಂದಳು. ಬಿದ್ದದ್ದು ಯಾವಾಗ ಎಂದು ಕೇಳಿದೆ. ವಿಶ್ವಕರ್ಮ ಪೂಜೆಯ ದಿನ.

ನಮ್ಮಲ್ಲಿಗೆ ಬರುವಾಗ ಬಿದ್ದಿದ್ದರು. ನಾನು ಒಂದು ಫೋನೂ ಮಾಡಿರಲಿಲ್ಲ.

ನನ್ನ ಇನ್ನೊಂದು ತಪ್ಪು ಹೊಳೆದದ್ದು ಆಗ. ಆ ಕಾಲದಲ್ಲಿ ಪುಕ್ಕಟೆ ಈಮೇಲ್ ಪೆಟ್ಟಿಗೆಯನ್ನು ಕೆಲವು ತಿಂಗಳು ಯಾರೂ ತೆರೆಯದಿದ್ದರೆ ಅದನ್ನು ಮುಚ್ಚಿಬಿಡುತ್ತಿದ್ದರು. ಆಮೇಲೆ ಹೋದ ಪತ್ರಗಳು ವಾಪಸ್ ಬರುತ್ತಿದ್ದವು. ನಮ್ಮ ನೆನಪಿನ ಪತ್ರಗಳು ಒಂದು ವರ್ಷವೂ ವಾಪಸ್ ಬಂದಿರಲಿಲ್ಲ. ಎಂದರೆ ಯಾರೋ ಆ ಪೆಟ್ಟಿಗೆಯನ್ನು ತೆರೆಯುತ್ತಲೇ ಇದ್ದರು. ಇದೇ ನನ್ನ ಕಸುಬು. ಎರಡು ವರ್ಷ ಮುಂಚೆಯೇ ಆ ಹೆಂಗಸಿಗೆ ನಾನು ಹೇಳಬಹುದಾಗಿದ್ದ ಒಂದು ಮಾತು ನನ್ನ ತಲೆಗೇ ಬಂದಿರಲಿಲ್ಲ. ಇದಕ್ಕಾಗಿ ನನ್ನನ್ನು ನಾನು ಇನ್ನೂ ಕ್ಷಮಿಸಿಕೊಂಡಿಲ್ಲ.

ಅವನಿಗೆ ಬರೆದೆ: ಅಕ್ಕ ಇದ್ದಾರೆ, ಕಾಲು ಮುರಿದಿದೆ, ಪುಟ ನಿಂತದ್ದು ನನ್ನ ತಪ್ಪು. ಅರ್ಧ ಗಂಟೆಯಲ್ಲಿ ಉತ್ತರ ಬಂತು. "ನಾನು ಬರೆದದ್ದು ಹೇಳಬೇಡಿ. ಪುಟ ಇರಲಿ." ಎಲ್ಲಿದ್ದೀರಿ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಮರುದಿನ, ವಿಜಯಾದಶಮಿಯ ನಂತರ ಹಿರಿಯರನ್ನು ಕಾಣುವ ಇಲ್ಲಿನ ಪದ್ಧತಿಯಂತೆ, ಒಂದು ಡಬ್ಬಿ ಸಂದೇಶ್ ಮಿಠಾಯಿ ಹಿಡಿದು ಹೊರಟೆ. ಅವನ ಮೊದಲ ಪತ್ರವನ್ನು ಪ್ರಿಂಟ್ ತೆಗೆದು ಚೀಲದಲ್ಲಿಟ್ಟುಕೊಂಡಿದ್ದೆ. ದಕ್ಷಿಣೇಶ್ವರ ತಲುಪುವವರೆಗೂ ಕೊಡಲೋ ಬೇಡವೋ ಎಂದು ಒದ್ದಾಡಿದೆ. ಕೇಳಿಕೊಂಡವನು ಒಬ್ಬ ಮನುಷ್ಯ, ಅವನಿಗೂ ಒಂದು ಸಂಕಟವಿರುತ್ತದೆ. ಆದರೆ ಅವನಿಗೆ ತನ್ನ ಅಕ್ಕ ಬದುಕಿದ್ದಾಳೆಂದು ನನ್ನಿಂದ ತಿಳಿಯಿತು. ಅವಳಿಗೆ ಮಾತ್ರ ತಿಳಿಯಬಾರದೆಂದರೆ ಅದು ಯಾವ ನ್ಯಾಯ?

ಅವರು ಮಂಚದ ಮೇಲಿದ್ದರು. ಅರ್ಧ ಆಗಿದ್ದರು. ನೋಡಿದ ಕೂಡಲೇ ಕೇಳಿದ್ದು, "ಹೆಸರು ಹೋಯ್ತಾ?"

"ಇಲ್ರಿ ಅಕ್ಕಾರ. ನಿಂತಿತ್ತು, ಮತ್ತ ಹಚ್ಚೇನಿ. ತಪ್ಪು ನಂದ," ಎಂದೆ. ಅವನ ಪತ್ರ ಕೊಟ್ಟೆ.

ಕನ್ನಡಕ ಹಾಕಿಕೊಂಡು ಓದಿದರು. ಮತ್ತೆ ಓದಿದರು. "ಕತ್ತೆ," ಎಂದರು. "ಅಕ್ಕ ಇದ್ದಾಳಾ ಅಂತೆ." ನಕ್ಕರು. ನಗುತ್ತಿದ್ದವರೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಹಳ ಹೊತ್ತು ಅತ್ತರು. ನನಗೂ ತಡೆಯಲಾಗಲಿಲ್ಲ. ಅವನು ಹೇಳಬೇಡಿ ಎಂದದ್ದನ್ನೂ ಮುಚ್ಚಿಡಲಿಲ್ಲ. ಅವರು ತಲೆಯಾಡಿಸಿದರು, ಎಲ್ಲಿ ಏನು ಎಂದು ಕೇಳಲಿಲ್ಲ.

ನಾನು ಪ್ರಾಯಶ್ಚಿತ್ತದ ಮಾತೆತ್ತಿದೆ. "ಈಗ ಒಂದು ವರ್ಷದ್ದು ತುಂಬೇನ್ರಿ. ಇನ್ನ ಒಂಬತ್ತು ವರ್ಷದ್ದು ನಾನ ತುಂಬತೀನಿ. ಹತ್ತು ವರ್ಷ ನೀವು ಈ ಕಡೆ ಹಾಯೂದು ಬ್ಯಾಡ. ಹೆಸರು ಎಲ್ಲೂ ಹೋಗಂಗಿಲ್ಲ."

"ಹತ್ತು ವರ್ಷ ಕಟ್ಟಿಬಿಟ್ರೆ ಅವನಿಗೆ ಕಾಗದ ಹೋಗುತ್ತಾ?"

"ಇಲ್ರಿ. ಅಲ್ಲೀತನಕಾ ಯಾರಿಗೂ ಏನೂ ಹೋಗಂಗಿಲ್ಲ."

"ಹಾಗಾದ್ರೆ ಬೇಡ. ಒಂದೇ ವರ್ಷ ಇರ್ಲಿ." ನನ್ನ ಮುಖ ನೋಡಿ, ಮಗುವಿಗೆ ಹೇಳುವ ಹಾಗೆ ಹೇಳಿದರು: "ಮೊದಲೇ ಕಟ್ಟಿದ್ರೆ ಮೂರನೇ ಕಾಗದ ಹೋಗಲ್ವಲ್ಲಮ್ಮ. ಅದಕ್ಕೇ ತಾನೆ ನಾನು ಕೊನೇ ದಿನದವರೆಗೂ ಕಾಯ್ತಿದ್ದಿದ್ದು?"

ಆಮೇಲೆ ಪೆನ್ನು ಕೇಳಿ, ಮಲಗಿದಲ್ಲಿಂದಲೇ ಆ ವರ್ಷದ ಸಾಲು ಬರೆದುಕೊಟ್ಟರು. "ಇದ್ದೀನಿ."

ಮುಂದಿನ ವಿಶ್ವಕರ್ಮ ಪೂಜೆಯ ದಿನ ಅವರು ಕೋಲೂರಿಕೊಂಡು ಬಂದರು. ಡಬ್ಬಿ ತೆರೆದು ಗೆಳತಿಗೂ ನನಗೂ ಬಡಿಸಿ, ನಮ್ಮ ಗದ್ದಲದ ನಡುವೆ ಸಂಜೆಯವರೆಗೆ ಕುರ್ಚಿಯಲ್ಲಿ ಕೂತಿದ್ದರು. ನಾನು ಈ ಸಲ ರೇಗಲಿಲ್ಲ. ಮೂರನೆಯ ಪತ್ರ ಹೋಯಿತೆಂದು ಹೇಳಿದ ಮೇಲೆ ಅವರು ಎದ್ದು ಹಣ ಕಟ್ಟಿದರು.