ಬಾಟಲಿಗೆ ಹಾಲು ಬೆರೆಸಿದವನು

ನನ್ನ ಮಗಳ ಬಾಟಲಿಗೆ ಹಸುವಿನ ಹಾಲು ಬೆರೆಸಿದ್ದು ನನ್ನ ಅವ್ವ ಅಲ್ಲ, ನಾನು. ಬೆರೆಸಬಾರದೆಂದು ಚೆನ್ನಾಗಿ ಗೊತ್ತಿದ್ದೂ ಬೆರೆಸಿದೆ. ಮಗು ಉಸಿರಿಗೆ ಒದ್ದಾಡುವ ಹಾಗಾದಾಗ ಆ ತಪ್ಪನ್ನು ಅವ್ವನ ಮೇಲೆ ಹಾಕಿದೆ. ಇಷ್ಟು ಹೇಳುವುದಕ್ಕೆ ನನಗೆ ವರ್ಷಗಳೇ ಬೇಕಾದವು. ಗಾಬರಿಯಲ್ಲಿ ಆಯಿತು, ಬೇಕೆಂದು ಮಾಡಿದ್ದಲ್ಲ — ಹೀಗೆ ನನಗೆ ನಾನೇ ಹೇಳಿಕೊಂಡ ಮಾತುಗಳು ಬೇಕಾದಷ್ಟಿವೆ. ಅವನ್ನು ಇಲ್ಲಿ ಬರೆಯುವುದಿಲ್ಲ.

ಹೊಳೆನರಸೀಪುರದಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ. ಸುತ್ತಲ ಹಳ್ಳಿಯವರು ಸುಟ್ಟುಹೋದ ಪಂಪ್‌ಸೆಟ್ ಮೋಟಾರು ತಂದು ಹಾಕುತ್ತಾರೆ, ಹಳೆಯ ತಂತಿ ಬಿಚ್ಚಿ ಹೊಸದು ಸುತ್ತಿ ಕೊಡುತ್ತೇನೆ. ಅಂಗಡಿಯ ಹಿಂದೆಯೇ ಮನೆ. ಹೆಂಡತಿ ಪವಿತ್ರ ಚನ್ನರಾಯಪಟ್ಟಣದ ಹೈಸ್ಕೂಲಿನಲ್ಲಿ ಟೀಚರ್. ಮಗಳು ಸಿರಿಗೆ ಐದು ತಿಂಗಳು ತುಂಬುವ ಹೊತ್ತಿಗೆ ಅವಳ ರಜೆ ಮುಗಿದಿತ್ತು. ಬೆಳಗ್ಗೆ ಬಸ್ಸು ಹತ್ತಿದರೆ ಮನೆ ಸೇರುವುದು ಸಂಜೆಗೇ. ಅಲ್ಲಿಯವರೆಗೆ ಮಗುವಿಗೆ ಇದ್ದವರು ಅವ್ವ ಮತ್ತು ನಾನು. ಹಿತ್ತಲಿನಲ್ಲಿ ಅವ್ವ ಸಾಕಿದ ಒಂದು ಹಸು.

ಪವಿತ್ರಳ ಹಾಲು ಸಾಲದೆ ಮೊದಲ ಸಲ ಅಂಗಡಿಯ ಹಾಲಿನ ಪುಡಿ ಕದಡಿ ಕುಡಿಸಿದ ದಿನವೇ ಸಿರಿಯ ಬಾಯಿ ಸುತ್ತ ಕೆಂಪು ಗಂಧೆಗಳೆದ್ದು, ಕಣ್ಣಿನ ರೆಪ್ಪೆ ಊದಿ, ಕುಡಿದದ್ದೆಲ್ಲ ವಾಂತಿಯಾಗಿತ್ತು. ಹಾಸನದ ಮಕ್ಕಳ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಹಾಲು ಒಂದು ತೊಟ್ಟೂ ಕೂಡದು ಎಂದರು. ಹಸು, ಎಮ್ಮೆ, ಮೇಕೆ — ಯಾವುದೂ ಬೇಡ. ಎದೆಹಾಲು ಕೊಡುವ ತಾಯಿಯೂ ಮೊಸರು, ಮಜ್ಜಿಗೆ ಮುಟ್ಟಬಾರದು. ಎದೆಹಾಲು ಸಾಲದಿದ್ದಾಗ ಕೊಡಲು ಅಲರ್ಜಿ ಇರುವ ಮಕ್ಕಳಿಗೆಂದೇ ಮಾಡಿದ ಬೇರೆ ಪುಡಿ ಬರೆದುಕೊಟ್ಟರು.

ಆ ಪುಡಿಯನ್ನು ಸಿರಿ ಕುಡಿಯಲೇ ಇಲ್ಲ. ತುಕ್ಕು ಹಿಡಿದ ಕಬ್ಬಿಣ ನೆನೆಸಿಟ್ಟ ನೀರಿನಂಥ ವಾಸನೆ ಅದಕ್ಕೆ. ನಾಲಿಗೆಗೆ ಹಚ್ಚಿಕೊಂಡು ನೋಡಿದೆ, ಕಹಿ ಗಂಟಲಲ್ಲೇ ಉಳಿಯಿತು. ಬಾಟಲಿ ಕಂಡರೆ ಸಾಕು ಮಗು ಬೆನ್ನು ಬಿಲ್ಲಿನಂತೆ ಬಾಗಿಸಿ ಕಿರುಚುತ್ತಿತ್ತು. ಎದೆಹಾಲಿಗೆ ಈ ಪುಡಿಯ ಹಾಲನ್ನು ಸ್ವಲ್ಪವೇ ಬೆರೆಸಿ ಕೊಡಿ, ದಿನದಿಂದ ದಿನಕ್ಕೆ ಹೆಚ್ಚು ಮಾಡುತ್ತಾ ಹೋಗಿ, ರುಚಿ ಅಭ್ಯಾಸವಾಗುತ್ತದೆ ಎಂದು ಡಾಕ್ಟರು ಹೇಳಿಕೊಟ್ಟರು. ಪವಿತ್ರ ಬೆಳಗ್ಗೆ ಹಾಲು ತೆಗೆದು ಫ್ರಿಜ್ಜಿನಲ್ಲಿಟ್ಟು ಹೋಗುತ್ತಿದ್ದಳು.

ನಮ್ಮೆಲ್ಲರಿಗಿಂತ ಡಾಕ್ಟರ ಮಾತನ್ನು ಪೂರ್ತಿ ನಂಬಿದವಳು ಅವ್ವ. ಅವಳು ಬಾಟಲಿ ಪಕ್ಕಕ್ಕಿಟ್ಟು ಮೂತಿಯಿರುವ ಪುಟ್ಟ ಒಳಲೆಯಲ್ಲಿ ಹನಿಹನಿಯಾಗಿ ಬಿಡುತ್ತಿದ್ದಳು. ಮಗು ನುಂಗುವವರೆಗೂ ಕಾಯುತ್ತಿದ್ದಳು, ಉಗಿದರೆ ಸೆರಗಿನಲ್ಲಿ ಒರೆಸಿ ಮತ್ತೆ ಒಂದು ಹನಿ. ಒಂದು ಬಟ್ಟಲು ಒಳಗೆ ಹೋಗಲು ಅರ್ಧ ಬೆಳಗು ಹಿಡಿಯುತ್ತಿತ್ತು. ನನಗೋ ತಾಳ್ಮೆ ಇರಲಿಲ್ಲ. ತೂಕ ಏರುತ್ತಿಲ್ಲ ಎಂದು ಡಾಕ್ಟರು ಹೇಳಿದ ಮೇಲಂತೂ ಮಗುವಿನ ಪಕ್ಕೆಲುಬು ಕಂಡಾಗಲೆಲ್ಲ ಬಾಟಲಿ ಕೈಗೆತ್ತಿಕೊಳ್ಳುತ್ತಿದ್ದೆ. ಒಂದು ದಿನ ತಡೆಯಲಾರದೆ ಕೇಳಿದೆ — "ಅವ್ವ, ನಾವೆಲ್ಲ ಈ ಹಾಲೇ ಕುಡಿದು ಬೆಳೆದೋರಲ್ವಾ? ಒಂಚೂರು ಕೊಟ್ರೆ ಏನಾಯ್ತದೆ?"

ಅವ್ವ ತಲೆ ಎತ್ತದೆ ಹೇಳಿದಳು. "ಡಾಕ್ಟ್ರು ಬ್ಯಾಡ ಅಂದ್ಮ್ಯಾಕೆ ಬ್ಯಾಡ ಕಣ್ಲಾ. ಇದು ನಿನ್ನಂಗಲ್ಲ."

ಇಂಥವಳ ಮೇಲೆ ನಾನು —

ಆ ದಿನ ಮಧ್ಯಾಹ್ನದ ಹೊತ್ತಿಗೇ ಪವಿತ್ರ ಇಟ್ಟುಹೋದ ಹಾಲು ಮುಗಿದಿತ್ತು. ಬರೀ ಪುಡಿಯ ಹಾಲನ್ನು ಸಿರಿ ಬಾಯಿಗೆ ಮುಟ್ಟಿಸಿಕೊಳ್ಳಲಿಲ್ಲ. ಅತ್ತು ಅತ್ತು ದನಿ ಉಡುಗಿಹೋಗಿ, ಆಮೇಲೆ ಅಳುವುದನ್ನೂ ನಿಲ್ಲಿಸಿದಳು. ಆ ಸುಮ್ಮನಿರುವಿಕೆಗೆ ನಾನು ಹೆದರಿದೆ. ಅಂಗಡಿಯ ಮುಂದೆ ಮೋಟಾರಿಗಾಗಿ ಕಾಯುತ್ತಿದ್ದವನು ಕೂಗುತ್ತಲೇ ಇದ್ದ. ಅವ್ವ ಹಿತ್ತಲಿನಲ್ಲಿ ಹಾಲು ಕರೆಯುತ್ತಿದ್ದಳು. ಒಲೆಯ ಪಕ್ಕ ಬೆಳಗ್ಗೆ ಕಾಯಿಸಿದ ಹಾಲಿನ ಪಾತ್ರೆ ಇತ್ತು. ವಾಸನೆ ಮುರಿದರೆ ಸಾಕು, ಕುಡಿದುಬಿಡುತ್ತಾಳೆ ಅಂದುಕೊಂಡೆ. ಕೆನೆ ಸರಿಸಿ ಎರಡು ಚಮಚ ಬಾಟಲಿಗೆ ಹಾಕಿದೆ. ಅವ್ವ ಬಂದಾಳೇನೋ ಎಂದು ಹಿತ್ತಲ ಬಾಗಿಲ ಕಡೆ ತಿರುಗಿ ನೋಡಿದೆ. ಎಂದರೆ — ನನಗೆ ಗೊತ್ತಿತ್ತು.

ಸಿರಿ ಕುಡಿದಳು. ಎರಡು ಕೈಯಲ್ಲೂ ಬಾಟಲಿ ತಬ್ಬಿ ಗಟಗಟನೆ ಕುಡಿಯತೊಡಗಿದಳು. ಅಷ್ಟರಲ್ಲಿ ಅವ್ವ ಕೈ ತೊಳೆದುಕೊಂಡು ಒಳಗೆ ಬಂದಳು. ಮಗುವನ್ನೂ ಬಾಟಲಿಯನ್ನೂ ಅವಳ ಮಡಿಲಿಗೆ ಕೊಟ್ಟು ನಾನು ಅಂಗಡಿಗೆ ಓಡಿದೆ. ಹಿಂದಿನಿಂದ ಅವಳ ದನಿ ಕೇಳಿಸಿತು — "ಅಯ್ಯೋ, ನೋಡ್ಲಾ ಮಂಜಾ! ಇವತ್ತು ಎಂಗ್ ಕುಡಿತಾವ್ಳೆ ನನ್ ಕೂಸು!"

ಮತ್ತೆ ಅವಳು ಕೂಗಿದಾಗ ಆ ದನಿಯೇ ಬೇರೆಯಾಗಿತ್ತು.

ಒಳಗೆ ಹೋಗುವಷ್ಟರಲ್ಲಿ ಸಿರಿಯ ತುಟಿ ಊದಿತ್ತು, ಕಣ್ಣು ಮುಚ್ಚಿಹೋಗಿತ್ತು, ಮೈತುಂಬ ಗಂಧೆ. ಕೆಮ್ಮು — ಮಗುವಿನದಲ್ಲದ, ಒಣಗಿದ, ನಾಯಿ ಬೊಗಳಿದಂಥ ಕೆಮ್ಮು. ನೋಡುನೋಡುತ್ತಿದ್ದಂತೆ ಕತ್ತು ಜೋತುಬಿತ್ತು. ಮೋಟಾರಿಗೆ ಕಾಯುತ್ತಿದ್ದವನ ಬೈಕಿನಲ್ಲೇ ಮಗುವನ್ನೆತ್ತಿಕೊಂಡು ನಾನೂ ಅವ್ವನೂ ಕೂತೆವು. ಊರಿನ ಆಸ್ಪತ್ರೆಯಲ್ಲಿ ತೊಡೆಗೆ ಒಂದು ಇಂಜೆಕ್ಷನ್ ಚುಚ್ಚಿದರು, ಆಕ್ಸಿಜನ್ ಹಾಕಿ ಆಂಬುಲೆನ್ಸಿನಲ್ಲಿ ಹಾಸನಕ್ಕೆ ಕಳಿಸಿದರು. ದಾರಿಯುದ್ದಕ್ಕೂ ಆ ಪುಟ್ಟ ಎದೆ ಏಳುತ್ತಿದೆಯೇ ಎಂದು ನೋಡುತ್ತಾ ಕೂತಿದ್ದೆ. ಒಂದೊಂದು ಸಲ ಏಳುವುದು ತಡವಾಗುತ್ತಿತ್ತು. ಅವ್ವ ಮಗುವಿನ ಪಾದ ಹಿಡಿದುಕೊಂಡಿದ್ದಳು.

ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, "ಹಾಲಿನ ಅಂಶ ಏನಾದ್ರೂ ಹೊಟ್ಟೆಗೆ ಹೋಯ್ತಾ?" ಚನ್ನರಾಯಪಟ್ಟಣದಿಂದ ನೇರವಾಗಿ ಬಂದ ಪವಿತ್ರ ಆಗಷ್ಟೇ ಬಾಗಿಲು ದಾಟುತ್ತಿದ್ದಳು. ಅವಳ ಮುಖ ನೋಡಿದೆ.

"ಇಲ್ಲ ಸಾರ್. ಆ ಪುಡಿ ಒಂದೇ," ಅಂದೆ.

ಡಾಕ್ಟರ ಮುಖ ಬದಲಾಯಿತು. "ಹಂಗಾದ್ರೆ ಆ ಪುಡಿಯೇ ಇವಳಿಗೆ ಆಗ್ತಿಲ್ಲ. ಅದನ್ನೂ ನಿಲ್ಲಿಸ್ಬೇಕು. ಅದಕ್ಕಿಂತ ಆಚೆಗೆ ಕೊಡೋದಕ್ಕೆ..." ಎಂದವರು ಮಾತು ಮುಗಿಸಲಿಲ್ಲ.

ಆಗ ನನಗೆ ಹೊಸ ಭಯ ಹಿಡಿಯಿತು. ನನ್ನ ಒಂದು ಸುಳ್ಳು ಎದೆಹಾಲು ಬಿಟ್ಟರೆ ಮಗುವಿಗೆ ಉಳಿದಿದ್ದ ಒಂದೇ ಆಹಾರವನ್ನು ಕಿತ್ತುಕೊಳ್ಳುತ್ತಿತ್ತು. ನಿಜ ಹೇಳಲೇಬೇಕಿತ್ತು. ಹೇಳಬಹುದಿತ್ತು — ಒಂದೇ ವಾಕ್ಯ. ನಾನು ಹೇಳಿದ ವಾಕ್ಯ ಬೇರೆ.

"ಮನೇಲಿ ಅವ್ವ ಇದ್ರು ಸಾರ್. ಹಸು ಸಾಕವ್ರೆ. ಹಳೇ ಕಾಲದೋರು... ಕುಡೀತಿಲ್ಲ ಅಂತ ಏನಾದ್ರೂ ಒಂಚೂರು..."

ಡಾಕ್ಟರು ಉಸಿರು ಬಿಟ್ಟರು. ಪುಡಿ ನಿಲ್ಲಿಸುವುದು ಬೇಡ ಎಂದು ನರ್ಸಿಗೆ ಹೇಳಿದರು. ಮಗು ಬದುಕಿತು. ತಪ್ಪು ಅವ್ವನ ಹೆಸರಿಗೆ ಬಿತ್ತು.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಅವ್ವನ ಮುಂದೆ ಪವಿತ್ರ ಹೋಗಿ ನಿಂತಳು. ಅವ್ವ, "ಇಲ್ಲ ಕಣವ್ವಾ. ಅವ್ನು ಕೊಟ್ಟ ಬಾಟ್ಲಿ ಇಡ್ಕಂಡಿದ್ದೆ ಅಷ್ಟೆಯಾ," ಎಂದು ನನ್ನ ಕಡೆ ತಿರುಗಿದಳು. ನಾನು ನೆಲ ನೋಡಿದೆ. ಅವ್ವ ನನ್ನ ಮೇಲೆ ಸಂಶಯಪಡಲಿಲ್ಲ. ಅವಳಿಗೆ ಅದು ತೋಚಲೇ ಇಲ್ಲ. ತನ್ನ ಎರಡೂ ಅಂಗೈ ಬಿಡಿಸಿ ನೋಡಿಕೊಂಡು, "ಆಗ್ತಾನೆ ಹಾಲ್ ಕರ್ದಿದ್ದೆ... ಸೋಪ್ ಆಕಿ ತೊಳ್ಕಂಡ್ನಾ ಇಲ್ವಾ... ಕೈನಾಗೇನಾದ್ರೂ ಉಳ್ಕಂಡಿತ್ತಾ..." ಎಂದಳು.

"ಕೈಲಿ ಉಳಿದಿದ್ದಲ್ಲ ಅತ್ತೆ, ನೀವೇ ಕುಡಿಸಿದ್ದೀರಿ. ಸುಳ್ಳು ಬೇರೆ ಹೇಳ್ಬೇಡಿ," ಅಂದಳು ಪವಿತ್ರ. ಅವಳ ತಪ್ಪೇನು? ಅವಳ ಮಗು ಒಳಗೆ ಮಲಗಿತ್ತು. ಅವಳು ನನ್ನ ಮಾತು ನಂಬಿದ್ದಳು.

ಆಸ್ಪತ್ರೆಯಿಂದ ನಾವು ಮರಳುವಷ್ಟರಲ್ಲಿ ಅವ್ವ ಹಸು ಮಾರಿಬಿಟ್ಟಿದ್ದಳು. ಅರಕಲಗೂಡಿನಲ್ಲಿರುವ ನನ್ನ ತಂಗಿ ಭಾಗ್ಯಳ ಮನೆಗೆ ಹೊರಟು ನಿಂತಿದ್ದಳು. ಮಗುವನ್ನು ಮುಟ್ಟಲಿಲ್ಲ. ಪವಿತ್ರ ಮತ್ತೆ ರಜೆ ಹಾಕಿ, ಅವ್ವನ ಒಳಲೆಯಲ್ಲೇ, ಅವ್ವನ ಹಾಗೆಯೇ ಹನಿಹನಿಯಾಗಿ ಬಿಡುತ್ತಾ ಸಿರಿಗೆ ಆ ಪುಡಿ ಹಿಡಿಸಿದಳು. ಕ್ರಮೇಣ ಮಗು ಅದನ್ನೇ ಬೇಕು ಬೇಕು ಎಂದು ಕುಡಿದು ಬೆಳೆಯಿತು.

ಅವ್ವ ಹಬ್ಬಕ್ಕೆ ನಮ್ಮ ಮನೆಗೆ ಬಂದಾಗ ಸಿರಿ ಓಡಿಹೋಗಿ ಮಡಿಲು ಹತ್ತಲು ನೋಡಿದರೆ ಅವ್ವ ಎದ್ದು ನಿಲ್ಲುತ್ತಿದ್ದಳು. "ಬ್ಯಾಡ ಕಣ್ ಕೂಸೇ, ದೂರ ನಿಂತ್ಕ," ಎನ್ನುತ್ತಿದ್ದಳು. ಬಚ್ಚಲಿಗೆ ಹೋಗಿ ಕೈ ತೊಳೆಯುತ್ತಿದ್ದಳು, ಬಂದು ಕೂತು ಮತ್ತೆ ಎದ್ದು ತೊಳೆಯುತ್ತಿದ್ದಳು. ಬೆರಳ ಸಂದು ಬಿರುಕು ಬಿಟ್ಟಿತ್ತು. ನಾನು ಅಲ್ಲೇ ಕೂತು ಊಟ ಮಾಡುತ್ತಿದ್ದೆ. ಪ್ರತಿ ಸಲವೂ ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡು, ಪ್ರತಿ ಸಲವೂ ಅವಳನ್ನು ಬಸ್ಸು ಹತ್ತಿಸಿ ಬಂದೆ. ಹೇಳಿದರೆ ಪವಿತ್ರ ಮಗುವನ್ನು ಕರೆದುಕೊಂಡು ಹೊರಟುಹೋಗುತ್ತಾಳೆ ಎಂಬ ಭಯ. ನೆಂಟರ ಮನೆಗಳಲ್ಲಿ, ಬೀದಿಯಲ್ಲಿ, "ಅಜ್ಜಿಯೇ ಹಾಲು ಹಾಕಿದ್ದಂತೆ" ಎಂಬ ಮಾತು ಓಡಾಡುತ್ತಿದ್ದರೂ ನಾನು ತಡೆಯಲಿಲ್ಲ. ಕೇಳಿದವರಿಗೆ, ಹೋಗ್ಲಿ ಬಿಡಿ, ಅವ್ವಂಗೆ ಗೊತ್ತಾಗ್ಲಿಲ್ಲ, ಎಂದು ದೊಡ್ಡವನಂತೆ ಹೇಳುತ್ತಿದ್ದೆ. ಇದನ್ನು ಬರೆಯುವಾಗ ನನಗೇ ಹೇಸಿಗೆ.

ಸಿರಿಗೆ ಏಳು ನಡೆಯುತ್ತಿರುವಾಗ ಅಲರ್ಜಿ ಇಳಿದಿರಬಹುದು ಎಂದು ರಕ್ತದ ವರದಿ ಬಂತು. ಆಸ್ಪತ್ರೆಯಲ್ಲೇ ಕೂರಿಸಿಕೊಂಡು, ತೀರಾ ಸ್ವಲ್ಪದಿಂದ ಶುರುಮಾಡಿ ಹಾಲು ಕುಡಿಸಿ ನೋಡಬೇಕು ಎಂದರು ಹಾಸನದ ಹೊಸ ಡಾಕ್ಟರಮ್ಮ. ಹಳೆಯದನ್ನೆಲ್ಲ ಕೇಳಿ ತಿಳಿದುಕೊಳ್ಳುತ್ತಿದ್ದರು. "ಆಗ ಎಷ್ಟು ಹಾಲು ಹೋಗಿತ್ತು? ಅದು ಗೊತ್ತಾದ್ರೆ ನಮಗೆ ಅನುಕೂಲ."

"ನಮ್ಮತ್ತೆ ಕೊಟ್ಟಿದ್ದು ಮೇಡಂ. ಎಷ್ಟು ಅಂತ ಇವತ್ತಿಗೂ ಬಾಯಿ ಬಿಟ್ಟಿಲ್ಲ," ಅಂದಳು ಪವಿತ್ರ.

ಸಿರಿ ತಲೆ ಎತ್ತಿದಳು. "ಅಜ್ಜಿ ನಂಗೆ ಏನ್ ಹಾಕಿದ್ರು ಅಮ್ಮ? ಅದಕ್ಕೇನಾ ಅಜ್ಜಿ ನನ್ನ ಮುಟ್ಟಲ್ಲ?"

ಟ್ರೇಯಲ್ಲಿ, ಅಂದು ತೊಡೆಗೆ ಚುಚ್ಚಿದ್ದ ಅದೇ ಇಂಜೆಕ್ಷನ್ ಸಿದ್ಧವಾಗಿತ್ತು. ಅದನ್ನು ಕಂಡ ಕೂಡಲೇ ಆಂಬುಲೆನ್ಸಿನಲ್ಲಿ ಏಳಲು ತಡಮಾಡುತ್ತಿದ್ದ ಆ ಎದೆ ಕಣ್ಣಮುಂದೆ ಬಂತು. ನಾನು ಈಗಲೂ ಸುಮ್ಮನಿದ್ದು, ಇವರು ಅಂದಾಜಿನಲ್ಲಿ ಶುರುಮಾಡಿ —

"ಎರಡು ಚಮಚ ಮೇಡಂ. ಅವ್ವ ಅಲ್ಲ. ನಾನೇ ಹಾಕಿದ್ದು."

ಡಾಕ್ಟರಮ್ಮ ಬರೆದುಕೊಂಡರು. ಅವತ್ತು ಇಡೀ ಹಗಲು ತುಟಿಗೆ ಒಂದು ಹನಿ, ಕಾಯುವುದು, ಆಮೇಲೆ ಇನ್ನಷ್ಟು, ಮತ್ತೆ ಕಾಯುವುದು. ಮಗಳ ಮುಖದಲ್ಲಿ ಒಂದು ಕೆಂಪು ಚುಕ್ಕೆ ಹುಡುಕುತ್ತಾ ನಾನು ಗೋಡೆಗೊರಗಿ ನಿಂತಿದ್ದೆ. ಏನೂ ಆಗಲಿಲ್ಲ. ಹೊರಡುವಾಗ ಪವಿತ್ರ ನನ್ನ ಕಡೆ ತಿರುಗದೆ ಹೇಳಿದಳು, "ಅತ್ತೆಗೆ ನಾನು ಏನೇನ್ ಅಂದಿದೀನಿ... ಅದನ್ನೆಲ್ಲ ಕೇಳಿಸ್ಕೊಂಡು ನೀವು ಪಕ್ಕದಲ್ಲೇ ಕೂತಿದ್ರಿ."

ಮಾರನೇ ದಿನ ಅರಕಲಗೂಡಿಗೆ ಹೋದೆ. ತಂಗಿಯ ಮನೆಯ ಅಂಗಳದಲ್ಲಿ ಅವ್ವ ಶುಂಠಿಯ ಮಣ್ಣು ಬಿಡಿಸುತ್ತಾ ಕೂತಿದ್ದಳು. ಎದುರಿಗೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ — ಪಾತ್ರೆ, ಕೆನೆ, ಚಮಚ, ಡಾಕ್ಟರಿಗೆ ಹೇಳಿದ ಮಾತು. ಅವ್ವ ಕೈಯಲ್ಲಿದ್ದ ಶುಂಠಿಯನ್ನು ಕೆಳಗಿಟ್ಟಳು. ಆಮೇಲೆ ಮಣ್ಣು ಮೆತ್ತಿದ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಅಂಗಾರೆ ನನ್ ಕೈನಾಗೆ ಏನೂ ಇರ್ನಿಲ್ವೇನ್ಲಾ?"

"ಇರ್ಲಿಲ್ಲ ಕಣವ್ವ."

ಅವಳು ಬೈಯಲಿಲ್ಲ, ಅಳಲಿಲ್ಲ. "ಭಾಗ್ಯಾ, ಇವ್ನಿಗ್ ಉಣ್ಣಾಕಿಕ್ಕಿ ಕಳ್ಸು," ಎಂದು ಒಳಗೆ ಹೋದವಳು ನಾನು ಹೊರಡುವವರೆಗೂ ಹೊರಗೆ ಬರಲಿಲ್ಲ. ಕ್ಷಮಿಸು ಎಂದು ಕೇಳಬೇಕೆಂದು ಹೋಗಿದ್ದೆ. ಕೇಳಲಿಲ್ಲ. ಕೇಳಿದ್ದರೆ ಆ ಭಾರವನ್ನೂ ಅವಳ ಮೇಲೆಯೇ ಹಾಕಿದಂತಾಗುತ್ತಿತ್ತು.

ಅಜ್ಜಿಯೇ ಹಾಕಿದ್ದಂತೆ ಎಂಬ ಮಾತು ಯಾವ ಯಾವ ಮನೆಗೆ ಹೋಗಿತ್ತೋ ಆ ಮನೆಗಳಿಗೆಲ್ಲ ಹೋಗಿ, ನಿಂತುಕೊಂಡೇ ನಿಜ ಹೇಳಿ ಬರುತ್ತಿದ್ದೇನೆ. ಇನ್ನೂ ಕೆಲವು ಉಳಿದಿವೆ. ಪವಿತ್ರ ಭಾನುವಾರ ಸಿರಿಯನ್ನು ಕರೆದುಕೊಂಡು ಅರಕಲಗೂಡಿಗೆ ಹೋಗುತ್ತಾಳೆ. ಅಜ್ಜಿಯ ಮಡಿಲಲ್ಲೇ ಮಲಗಿದ್ದೆ ಎಂದು ಸಿರಿ ಬಂದು ಹೇಳುತ್ತಾಳೆ, ಅಮ್ಮನಿಗೆ. ನನ್ನನ್ನು ಬಾ ಎಂದು ಅವ್ವ ಕರೆದಿಲ್ಲ. ಕರೆಯದೆ ನಾನು ಹೋಗುವುದಿಲ್ಲ.

ಮೊನ್ನೆ ಸಂಜೆ ಪವಿತ್ರ ಒಳಗೆ ಪರೀಕ್ಷೆಯ ಪೇಪರು ತಿದ್ದುತ್ತಿದ್ದಳು. ಸಿರಿಗೆ ಹಾಲು ಕಾಯಿಸಿ, ಆರಿಸಿ, ಲೋಟ ಹಿಡಿದುಕೊಂಡು ಹೋದೆ. ಅವಳು ಲೋಟ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಕೋಪವೇನೂ ಇರಲಿಲ್ಲ ಆ ಕಣ್ಣಿನಲ್ಲಿ — ಭಯ ಇತ್ತು.

"ಅಮ್ಮ ಕೊಡ್ಲಿ ಅಪ್ಪ," ಅಂದಳು, ಮೆಲ್ಲಗೆ.

ಲೋಟವನ್ನು ಮೇಜಿನ ಮೇಲಿಟ್ಟು, ಪವಿತ್ರಳನ್ನು ಕರೆದು, ನಾನು ಅಂಗಡಿಗೆ ಹೋದೆ.