ಜೇಬಿನಲ್ಲಿದ್ದ ಆರ್ಡರು

ಸುಗಟೂರಿನಲ್ಲಿ ನಮ್ಮ ಪಕ್ಕದ ಮನೆಯಾತ ರೇಷ್ಮೆಹುಳು ಸಾಕುತ್ತಿದ್ದ. ಬೇರೆಯಾದ ಹೆಂಡತಿಯ ಬಳಿಯಿದ್ದ ಮಗಳನ್ನು ತಿಂಗಳಿಗೊಮ್ಮೆ ನೋಡಲು ಕೋರ್ಟು ಕೊಟ್ಟ ಆದೇಶವನ್ನು ಲ್ಯಾಮಿನೇಟ್ ಮಾಡಿಸಿ ಜೇಬಿನಲ್ಲಿಟ್ಟುಕೊಂಡಿದ್ದ. ಕೇಳಿದವರಿಗೂ ಕೇಳದವರಿಗೂ ಅದನ್ನು ತಟ್ಟಿ ತೋರಿಸಿ, "ಆರ್ಡರ್ ಐತಣ್ಣ, ಯಾರೂ ತಪ್ಸಂಗಿಲ್ಲ" ಎನ್ನುತ್ತಿದ್ದ.

ಒಮ್ಮೆ ಮಗಳನ್ನು ನೋಡಲು ಕೋಲಾರಕ್ಕೆ ಹೊರಟಾಗ ನಾನೂ ಜೊತೆಗೆ ಹೋಗಿದ್ದೆ. ಮಗಳು ಮುಖಕ್ಕೆ ಘಮಘಮ ಪೌಡರ್ ಹಚ್ಚಿಕೊಂಡು ಓಡಿಬಂದಳು. ಊರಲ್ಲಿ ಅವನ ಮನೆಯಲ್ಲಿ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು. ಪೌಡರಿನ ವಾಸನೆ ಸೋಕಿದರೆ ಸಾಯುತ್ತವೆ ಎಂಬ ಭಯ ಅವನ ಮೈಗಂಟಿತ್ತು. "ಏಯ್, ಮುಟ್ಬೇಡ!" ಎಂದು ಹಿಂದೆ ಹಾರಿದ. ತಪ್ಪು ತಿಳಿದು ಕೈಚಾಚುವಷ್ಟರಲ್ಲಿ ಅವಳು ಕರೆತಂದಿದ್ದ ಅಜ್ಜಿಯ ಸೆರಗು ಸೇರಿದ್ದಳು.

ಮುಂದೆ ಕೇಸು ಮತ್ತೆ ಕೋರ್ಟಿಗೆ ಬಂದು, ಅಪ್ಪನನ್ನು ನೋಡುತ್ತೀಯಾ ಎಂದು ಜಡ್ಜ್ ಕೇಳಿದಾಗ, "ಅಪ್ಪಂಗೆ ನಾನು ಬೇಡ" ಎಂದಳಂತೆ. ಭೇಟಿ ನಿಲ್ಲಿಸಿ ಹೊಸ ಆದೇಶ ಬಂತು.

ಆ ಬೆಳೆಯಲ್ಲಿ ಒಂದು ಹುಳುವೂ ಸಾಯಲಿಲ್ಲ.